ನಿಂತ ಪಾದದ ಅಳತೆ

ಜೂನ್ 9

ಅಣ್ಣನಿಗೆ,

ಈ ಕಾಗದ ಬರೆಯಲು ನಾಲ್ಕನೇ ಸಲ ಕೂತಿದ್ದೇನೆ. ಮೊದಲ ಮೂರನ್ನು ಹರಿದು ಹಾಕಿದೆ. ಮೂರರಲ್ಲೂ ‘ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ’ ಎಂದು ಶುರುಮಾಡಿದ್ದೆ, ಓದಿದರೆ ನನಗೇ ನಾಚಿಕೆಯಾಯಿತು. ಆದ್ದರಿಂದ ಸುತ್ತು ಬಳಸದೆ ಹೇಳುತ್ತೇನೆ. ನಿಮಗೆ ಹೇಳದೆ ಊರು ಬಿಟ್ಟೆ. ತಪ್ಪು ಮಾಡಿದೆ.

ಹದಿನೇಳು ವರ್ಷ ನಿಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಷೂ ಹೊಲಿದವನು ನಾನು. ಒಂದು ಭಾನುವಾರ ಮನೆ ಖಾಲಿ ಮಾಡಿ, ಅಂಗಡಿಯ ಬೀಗದ ಕೈಯನ್ನು ಕಾಗದದಲ್ಲಿ ಸುತ್ತಿ ಬಾಗಿಲ ಸಂದಿಯಲ್ಲಿ ಒಳಗೆ ತಳ್ಳಿ, ಹೆಂಡತಿ ಮಗಳ ಜೊತೆ ಬೇರೆ ರಾಜ್ಯದ ರೈಲು ಹತ್ತಿದೆ. ಆ ಕಾಗದದ ಮೇಲೆ ನಾಲ್ಕು ಅಕ್ಷರ ಬರೆಯಬಹುದಿತ್ತು. ಅದನ್ನೂ ಮಾಡಲಿಲ್ಲ.

ಕಾರಣ ದೊಡ್ಡದೇನಲ್ಲ. ಮನೆ ಮಾಲೀಕರು ಎರಡು ವರ್ಷದಲ್ಲಿ ಮೂರನೇ ಸಲ ಬಾಡಿಗೆ ಏರಿಸಿದರು. ನಾವಿದ್ದದ್ದು ಒಂದೇ ಕೋಣೆ. ಮಗಳು ಓದಬೇಕಾದರೆ ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂರಬೇಕು. ಈ ಊರಿನಲ್ಲಿ ಅದಕ್ಕಿಂತ ಕಡಿಮೆ ಬಾಡಿಗೆಗೆ ಎರಡು ಕೋಣೆ, ಒಂದು ಕಿಟಕಿ ಸಿಕ್ಕಿದೆ. ಹೆಂಡತಿಯ ಅಣ್ಣ ಷೂ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ. ನಿಂತುಕೊಂಡು ಅಟ್ಟೆಗೆ ಅಂಟು ಹಚ್ಚುವ ಕೆಲಸ. ಮುಂದೆ ಬೆಲ್ಟಿನ ಮೇಲೆ ಅಟ್ಟೆಗಳು ಸಾಲಾಗಿ ಬರುತ್ತವೆ, ಹೋಗುತ್ತವೆ. ಯಾರ ಕಾಲಿಗೆ ಎಂದು ಕೇಳುವ ಹಾಗಿಲ್ಲ, ನಂಬರು ಮಾತ್ರ.

ಹೇಳಿದ್ದರೆ ನೀವು ಬಿಡುತ್ತಿರಲಿಲ್ಲ. ನಿಮ್ಮ ಹಿಂದಿನ ಕೋಣೆಯನ್ನೇ ನಮಗೆ ಬಿಟ್ಟುಕೊಟ್ಟು, ಅತ್ತಿಗೆಯ ಬಟ್ಟೆ ಹೊಲಿಯುವ ಮಿಷನ್ನನ್ನು ವರಾಂಡಕ್ಕೆ ಎಳೆಯುತ್ತಿದ್ದಿರಿ. ನಾನು ಬೇಡ ಬೇಡ ಎನ್ನುತ್ತಲೇ ಒಪ್ಪಿಬಿಡುತ್ತಿದ್ದೆ. ಆ ಭಯಕ್ಕೆ ಹೇಳಲಿಲ್ಲ.

ಮೇಷ್ಟರ ಬೂಟಿನ ಎಡಗಾಲು ಅರ್ಧ ಹೊಲಿದು ಬಿಟ್ಟಿದ್ದೇನೆ. ಮೇಜಿನ ಕೆಳಗಿನ ಡಬ್ಬಿಯಲ್ಲಿದೆ. ದಿನವೂ ನೆನಪಾಗುತ್ತದೆ.

‘ತಮ್ಮ’ ಎಂದು ಸಹಿ ಹಾಕಲು ಸಂಕೋಚ, ಬೇರೆ ಏನು ಹಾಕಬೇಕೋ ತಿಳಿಯದು.

ನಿಮ್ಮ ತಮ್ಮ


ಜುಲೈ 4

ಅಣ್ಣನಿಗೆ,

ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಮುಖ ನನಗಿಲ್ಲ. ಈಗ ಬರೆಯುತ್ತಿರುವುದು ನನಗಾಗಿ ಅಲ್ಲ, ಮಗಳಿಗಾಗಿ. ನಡೆಯುವ ಸದ್ದು ಕೇಳಿ ನೀವು ‘ಗಡಿಯಾರ’ ಎಂದು ಹೆಸರಿಟ್ಟವಳಿಗಾಗಿ.

ಅವಳ ಪಾದ ಬೆಳೆದಿದೆ. ನೀವು ಮಾಡಿಕೊಟ್ಟ ಜೋಡಿ ಬಿಗಿಯಾಗಿ ಬೆರಳು ಕೆಂಪಾಗುತ್ತಿದೆ. ಎಡಗಾಲು ಎರಡು ಬೆರಳಗಲ ಗಿಡ್ಡ ಎಂದು ಇಲ್ಲಿನ ಅಂಗಡಿಗಳಲ್ಲಿ ಕೈಸನ್ನೆ ಮಾಡಿ ಹೇಳಿದೆ. ಭಾಷೆ ಇನ್ನೂ ಬಾಯಿಗೆ ಬಂದಿಲ್ಲ. ಒಬ್ಬ ರೆಡಿಮೇಡ್ ಷೂವಿನ ಕೆಳಗೆ ರಬ್ಬರಿನ ಹಲಗೆ ಅಂಟಿಸಿ ಕೊಟ್ಟ. ನಾಲ್ಕನೇ ದಿನ ಅದು ಸ್ಕೂಲಿನ ಮೆಟ್ಟಿಲ ಮೇಲೆ ಕಿತ್ತುಬಂದು ಅವಳು ಬಿದ್ದಳು. ಮೊಣಕೈ ತರಚಿತು. ಇಲ್ಲಿನ ಮಕ್ಕಳು ಅವಳನ್ನು ಏನೋ ಒಂದು ಹೆಸರಿನಿಂದ ಕರೆಯುತ್ತಾರೆ. ಅವಳ ಅಮ್ಮ ಅರ್ಥ ಕೇಳಿದರೆ ‘ಗಡಿಯಾರ ಅಂತ ಅಲ್ಲ’ ಎಂದಷ್ಟೇ ಹೇಳಿದಳು.

ನಾನೇ ಮಾಡಬಹುದಲ್ಲ ಎನ್ನುತ್ತೀರಿ. ನಾನು ಹೊಲಿಯುವವನು, ಅಷ್ಟೇ. ಮರದಲ್ಲಿ ಪಾದದ ಅಚ್ಚು ಕೆತ್ತಿ, ದಪ್ಪ ಅಟ್ಟೆಯನ್ನು ಹದವಾಗಿ ಇಳಿಜಾರು ಮಾಡುವ ಕೈ ನಿಮ್ಮದು. ಅವಳ ಎರಡೂ ಪಾದಗಳ ಗೀಟು ಎಳೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ.

ನಿಮ್ಮ ತಮ್ಮ


ಜುಲೈ 22

ಏನಪ್ಪಾ,

ನಿನ್ನ ಎರಡೂ ಕಾಗದ ಬಂದವು. ಇದನ್ನು ನಿನ್ನ ಅಣ್ಣನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ.

ನನಗೂ ನಿನ್ನ ಮೇಲೆ ಸಿಟ್ಟಿದೆ, ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಆ ಸೋಮವಾರ ಬಾಗಿಲು ತೆಗೆದಾಗ ಬೀಗದ ಕೈ ಇವರ ಕಾಲಿಗೆ ತಗುಲಿತು. ‘ದಡ್ಡ, ಕೀ ಬೀಳಿಸಿಕೊಂಡು ಹೋಗಿದಾನೆ’ ಎಂದು ನಗುತ್ತಾ ಜೇಬಿಗೆ ಹಾಕಿಕೊಂಡರಂತೆ. ಮಧ್ಯಾಹ್ನದವರೆಗೆ ನೀನು ದಾರ ತರಲು ಹೋಗಿದ್ದೀಯ ಎಂದುಕೊಂಡರು. ಸಂಜೆಯವರೆಗೆ ಮಗಳಿಗೆ ಹುಷಾರಿಲ್ಲವೇನೋ ಎಂದುಕೊಂಡರು. ಮರುದಿನ ನಿಮ್ಮ ಮನೆಗೇ ಹೋಗಿ ಬಾಗಿಲು ತಟ್ಟಿದರು. ಒಳಗೆ ಬಣ್ಣ ಬಳಿಯುತ್ತಿದ್ದವನು, ‘ಅವ್ರು ಊರೇ ಬಿಟ್ರಲ್ಲ, ನಿಮಗೆ ಗೊತ್ತಿಲ್ವಾ?’ ಎಂದ. ಆ ‘ನಿಮಗೆ ಗೊತ್ತಿಲ್ವಾ’ ಇದೆಯಲ್ಲ, ಅದು ಇವರ ಕಿವಿಯಲ್ಲೇ ಕೂತುಬಿಟ್ಟಿದೆ. ಸಾರಿಗೆ ಉಪ್ಪು ಹಾಕಿಲ್ಲ ಎಂದು ನಾನು ಹೇಳಿದರೂ ‘ನಿಮಗೆ ಗೊತ್ತಿಲ್ವಾ’ ಎಂದು ತಮಗೆ ತಾವೇ ಅಂದುಕೊಳ್ಳುತ್ತಾರೆ.

ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಮೊನ್ನೆ ಮೇಷ್ಟರು ಗೊತ್ತಿಲ್ಲದೆ ಕೂತು ಬೈಸಿಕೊಂಡರು. ಪಾಪ, ಅವರು ಬಂದದ್ದು ತಮ್ಮ ಎಡಗಾಲಿನ ಬೂಟು ಕೇಳಲು.

ನಿನ್ನ ಕಾಗದಗಳನ್ನು ನಾನೇ ಓದಿ ಹೇಳಿದೆ, ಇವರ ಕನ್ನಡಕ ಯಾವಾಗಲೂ ಎಲ್ಲೋ ಕಳೆದುಹೋಗಿರುತ್ತದೆ. ಮೊದಲನೆಯದನ್ನು ಕೇಳಿ ಎದ್ದು ಅಂಗಡಿಗೆ ಹೊರಟರು. ಎರಡನೆಯದಕ್ಕೆ ‘ಮಗು ಬಿತ್ತಾ?’ ಎಂದು ಎರಡು ಸಲ ಕೇಳಿದರು. ಗೀಟು ಎಳೆದ ಹಾಳೆ ಕೊಟ್ಟೆ. ಅದರ ಮೇಲೆ ಬೆರಳಾಡಿಸಿ, ‘ಇದು ಬರೀ ಕಾಗದ. ಪಾದ ಎಲ್ಲಿದೆ ಇದ್ರಲ್ಲಿ?’ ಎಂದು ಮೇಜಿನ ಮೇಲಿಟ್ಟರು. ಗೀಟು ಎಷ್ಟು ಸ್ಪಷ್ಟವಾಗಿತ್ತು! ಅವರ ಮಾತಿನ ಅರ್ಥ ನನಗಾಗಲಿಲ್ಲ. ನಿನಗೆ ಆಗಬಹುದು.

ಮಗು ಮೊಣಕೈಗೆ ಏನು ಹಚ್ಚಿದಿರಿ? ಗಾಯ ಒಣಗಿತಾ?

ಅತ್ತಿಗೆ


ಆಗಸ್ಟ್ 2

ಅತ್ತಿಗೆಗೆ,

ನನಗೆ ಅರ್ಥವಾಯಿತು. ಓದಿದ ಕೂಡಲೇ ಅರ್ಥವಾಯಿತು. ನಾನು ಬಾಯಿ ಬಿಡುವುದಿಲ್ಲವೆಂದು ಅಣ್ಣನಿಗೆ ಮಾತು ಕೊಟ್ಟಿದ್ದೆ, ಈಗ ಅದನ್ನು ಮುರಿಯುತ್ತಿದ್ದೇನೆ.

ಅಣ್ಣನ ಕನ್ನಡಕ ಎಲ್ಲೂ ಕಳೆದುಹೋಗಿಲ್ಲ. ಮೂರು ವರ್ಷದಿಂದ ಅವರಿಗೆ ಗೀಟು ಕಾಣಿಸುವುದಿಲ್ಲ. ಆಳು ಕಾಣಿಸುತ್ತದೆ, ಬಾಗಿಲು ಕಾಣಿಸುತ್ತದೆ. ಪೆನ್ಸಿಲ್ ಗೀಟು, ಹೊಲಿಗೆ, ಅಕ್ಷರ ಯಾವುದೂ ಕಾಣಿಸುವುದಿಲ್ಲ. ಅಂಗಡಿಯಲ್ಲಿ ಗಿರಾಕಿಯ ಪಾದದ ಗೀಟನ್ನು ನಾನು ಎಳೆಯುತ್ತಿದ್ದೆ. ಆಮೇಲೆ ಗೀಟಿನ ಉದ್ದಕ್ಕೂ ದಬ್ಬಳದಿಂದ ಸಣ್ಣ ಸಣ್ಣ ತೂತು ಚುಚ್ಚಿ ಕೊಡುತ್ತಿದ್ದೆ. ಅವರು ಹಾಳೆಯನ್ನು ಮಗುಚಿ, ಉಬ್ಬಿದ ಚುಕ್ಕೆಗಳ ಮೇಲೆ ಬೆರಳಾಡಿಸಿ ಚರ್ಮ ಕತ್ತರಿಸುತ್ತಿದ್ದರು. ‘ಎಂಥಾ ಕಸುಬುದಾರ ರೀ, ಕಣ್ಣು ಮುಚ್ಕೊಂಡು ಕತ್ತರಿಸ್ತಾರೆ!’ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಅವರು ಮೆಟ್ಟಿಲಿಳಿದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನು ಬಿಟ್ಟು ಬಂದದ್ದು ಬರೀ ಅಂಗಡಿಯನ್ನಲ್ಲ ಅತ್ತಿಗೆ.

ಆ ಹಾಳೆಯನ್ನು ಯಾಕೆ ಚುಚ್ಚದೆ ಕಳಿಸಿದೆ ಎಂದು ಕೇಳಿಕೊಂಡೆ. ಲಕೋಟೆ ಬಿಚ್ಚುವವರು ನೀವು, ತೂತು ಕಂಡರೆ ಕೇಳುತ್ತೀರಿ, ಅಣ್ಣನ ಗುಟ್ಟು ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಎಂಥ ಕಣ್ಣಿನವರನ್ನು ಬಿಟ್ಟು ಬಂದಿದ್ದೇನೆ ಎಂದು ನಿಮಗೆ ತಿಳಿಯುವುದು ನನಗೆ ಬೇಕಿರಲಿಲ್ಲ.

ಈಗ ಚುಚ್ಚಿದ ಹಾಳೆ ಕಳಿಸುತ್ತಿದ್ದೇನೆ. ಗಾಯ ಒಣಗಿದೆ.

ನಿಮ್ಮ ಮೈದುನ


ಆಗಸ್ಟ್ 20

ಏನಪ್ಪಾ,

ಮೊದಲು ನನ್ನ ಮಾತು. ಮನೆಯಲ್ಲಿ ನನಗೆ ಗೊತ್ತಿತ್ತು. ಎರಡು ವರ್ಷದಿಂದ ನೀರಿನ ಲೋಟವನ್ನು ಒಂದೇ ಜಾಗದಲ್ಲಿಡುತ್ತೇನೆ, ಕುರ್ಚಿಯನ್ನು ಇಟ್ಟಲ್ಲಿಂದ ಕದಲಿಸುವುದಿಲ್ಲ. ನನಗೆ ಗೊತ್ತಿಲ್ಲ ಎಂದು ಅವರು ಅಂದುಕೊಂಡಿದ್ದರು, ಇರಲಿ ಬಿಡು ಎಂದು ನಾನೂ ಸುಮ್ಮನಿದ್ದೆ. ಆದರೆ ಇಷ್ಟೊಂದು ಎಂದು ಗೊತ್ತಿರಲಿಲ್ಲ. ಅಂಗಡಿಯಲ್ಲಂತೂ ನೀನಿದ್ದೀಯ ಎಂದು ನಿಶ್ಚಿಂತೆಯಾಗಿದ್ದೆ.

ನಿನ್ನ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಮರುದಿನ, ‘ಪೆನ್ನು ತಗೋ’ ಎಂದರು. ಇನ್ನು ಮುಂದಿನದು ಅವರು ಹೇಳಿದ ಹಾಗೇ ಇದೆ. ಮೂರು ಬೈಗುಳ ಮಾತ್ರ ಬಿಟ್ಟಿದ್ದೇನೆ.

‘ಹಾಳೆ ಬಂತು. ಚುಚ್ಚಿದ್ದು ಸರಿಯಾಗಿದೆ. ಆದ್ರೆ ಇದು ಕೂತ ಪಾದ ಕಣೋ. ಹೆಬ್ಬೆರಳ ಬುಡ ಹರಡಿಲ್ಲ, ಹಿಮ್ಮಡಿ ಸಣ್ಣಗಿದೆ. ಭಾರ ಬಿಟ್ಟು ನಿಂತವರ ಪಾದ ಹೀಗಿರಲ್ಲ. ನೀನು ಅಂಗಡಿಗೆ ಬಂದ ಮೊದಲನೇ ದಿನ ಹೇಳಿಕೊಟ್ಟಿದ್ದೇ ಇದು. ಕೂರಿಸಿ ಅಳತೆ ತಗೊಂಡ್ರೆ ಆ ಷೂ ಕೂರೋದಕ್ಕೆ ಮಾತ್ರ ಆಗುತ್ತೆ ಅಂತ. ಹದಿನೇಳು ವರ್ಷ ಎಲ್ಲರನ್ನೂ ನಿಲ್ಲಿಸಿದವನು ಸ್ವಂತ ಮಗಳನ್ನ ಯಾಕೆ ಕೂರಿಸಿದೆ? ನಿಲ್ಲಿಸಿ ತೆಗೆದು ಕಳಿಸು. ಬೇರೆ ವಿಷಯ ಈಗ ಬೇಡ.’

ಅಷ್ಟೇ. ಬೇರೆ ವಿಷಯವನ್ನು ನಾನು ಕೆದಕಲಿಲ್ಲ.

ಅತ್ತಿಗೆ


ಸೆಪ್ಟೆಂಬರ್ 5

ಅಣ್ಣನಿಗೆ,

ಅವಳು ನನ್ನ ಮುಂದೆ ನಿಲ್ಲುವುದಿಲ್ಲ.

ರೈಲಿನಲ್ಲಿ ಅವಳು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಳು. ‘ದೊಡ್ಡಪ್ಪಂಗೆ ಹೇಳಿ ಬಂದ್ರಾ ಅಪ್ಪ?’ ಹೇಳಿದೆ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ‘ಅವರೇ ಹೋಗಿ ಬನ್ನಿ ಅಂದ್ರು, ನಿನಗೆ ಚೆನ್ನಾಗಿ ಓದು ಅಂತ ಹೇಳಿದ್ರು’ ಎಂದು ಸೇರಿಸಿದೆ. ಅವಳು ಖುಷಿಯಿಂದ ಕಿಟಕಿ ಕಡೆ ತಿರುಗಿದಳು. ನನ್ನ ಹೆಂಡತಿ ನನ್ನನ್ನು ನೋಡಿದಳು.

ಜೂನ್‌ನಲ್ಲಿ ನಾನು ಹರಿದು ಹಾಕಿದ್ದ ಕಾಗದಗಳಲ್ಲಿ ಒಂದನ್ನು ಮಗಳು ಕಸದ ಬುಟ್ಟಿಯಿಂದ ತೆಗೆದು ಜೋಡಿಸಿ ಓದಿದಳು. ‘ನಿಮಗೆ ಹೇಳದೆ ಬಂದೆ’ ಎಂಬ ಸಾಲು ಅದರಲ್ಲೂ ಇತ್ತು. ಅವಳು ಕೂಗಾಡಲಿಲ್ಲ. ತುಂಡುಗಳನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಹೋದಳು. ಅವತ್ತಿನಿಂದ ಕೇಳಿದ್ದಕ್ಕೆ ‘ಹೂಂ’, ‘ಉಹೂಂ’ ಎರಡೇ. ಹನ್ನೊಂದು ವರ್ಷದ ಹುಡುಗಿಗೆ ಇಷ್ಟು ಗಟ್ಟಿ ಮೌನ ಎಲ್ಲಿಂದ ಬಂತೋ. ನಿಮ್ಮಿಂದಲೇ ಕಲಿತಿರಬೇಕು.

ಅಳತೆಗೆಂದು ನಾನು ಹಾಳೆ ಹಾಸಿದಾಗ ಅವಳು ಮಂಚದ ಮೇಲೆ ಕೂತು ಓದುತ್ತಿದ್ದಳು. ನಿಂತುಕೋ ಎಂದೆ. ಪುಸ್ತಕದಿಂದ ಕಣ್ಣು ತೆಗೆಯದೆ ಒಂದು ಕಾಲು ಚಾಚಿದಳು, ಬೇಡದ ಸಾಮಾನು ಎತ್ತಿ ಕೊಡುವ ಹಾಗೆ. ನಾನು ಇನ್ನೊಂದು ಸಲ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ? ನೆಲದ ಮೇಲೆ ಮಂಡಿಯೂರಿ ಕೂತ ಪಾದದ ಗೀಟು ಎಳೆದೆ. ಅದು ತಪ್ಪು ಅಳತೆ ಎಂದು ಎಳೆಯುವಾಗಲೇ ಗೊತ್ತಿತ್ತು. ಎರಡನೇ ಸಲವೂ ನನ್ನ ಬಳಿ ಉಳಿದಿದ್ದ ಅದೇ ಗೀಟಿನ ನಕಲನ್ನೇ ಚುಚ್ಚಿ ಕಳಿಸಿದೆ. ನಿಮಗೆ ತಿಳಿಯಲಾರದು ಎಂದುಕೊಂಡೆನೋ, ತಿಳಿಯಲಿ ಎಂದುಕೊಂಡೆನೋ ಗೊತ್ತಿಲ್ಲ.

ಈ ಕಾಗದವನ್ನು ಅಂಟಿಸುವ ಮೊದಲು ಅವಳಿಗೇ ಓದಲು ಕೊಡುತ್ತೇನೆ. ಕಸದ ಬುಟ್ಟಿಯಿಂದ ಹೆಕ್ಕಿ ಓದುವುದು ಬೇಡ.

ನಿಮ್ಮ ತಮ್ಮ


ಸೆಪ್ಟೆಂಬರ್ 21

ಪ್ರೀತಿಯ ದೊಡ್ಡಪ್ಪ,

ನಾನು ಗಡಿಯಾರ. ಈಗ ಸರಿಯಾಗಿ ಓಡುತ್ತಿಲ್ಲ, ಎಡಗಡೆ ಲೇಟು.

ನೀವು ಹೋಗಿ ಬನ್ನಿ ಅಂದಿದ್ದೀರಿ ಎಂದು ಅಪ್ಪ ಹೇಳಿದ್ದನ್ನು ನಂಬಿ ನಾನು ಹೊಸ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದ್ದೆ, ನಮ್ಮ ದೊಡ್ಡಪ್ಪ ನನ್ನ ಷೂ ಮಾಡಿ ಕಳಿಸ್ತಾರೆ ಎಂದು. ನಿಮಗೆ ನಾವು ಹೊರಟದ್ದೇ ಗೊತ್ತಿರಲಿಲ್ಲ ಎಂದು ಓದಿ ನಾಚಿಕೆಯಾಯಿತು. ಸಿಟ್ಟೂ ಬಂತು. ಅಪ್ಪ ಕಾಗದ ಓದಲು ಕೊಟ್ಟ ಮೇಲೆ ಸಿಟ್ಟು ಸ್ವಲ್ಪ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಅಪ್ಪನಿಗೂ ಹೇಳಿದ್ದೇನೆ.

ಈ ಸಲ ನಿಂತೇ ತೆಗೆದಿದ್ದು. ಅಮ್ಮ ಗೋಡೆ ಹತ್ತಿರ ನನ್ನ ಭುಜ ಹಿಡಿದುಕೊಂಡರು, ಗೀಟು ಅಪ್ಪ ಎಳೆದರು. ದಬ್ಬಳದಿಂದ ಚುಚ್ಚಿದ್ದು ನಾನು. ಬಲಗಾಲಿನ ಕಿರುಬೆರಳ ಹತ್ತಿರ ಕೆಂಪು ಚುಕ್ಕೆ ಇದೆ, ಅದು ಅಳತೆ ಅಲ್ಲ, ನನ್ನ ರಕ್ತ.

ಇನ್ನೊಂದು ಹಾಳೆಯಲ್ಲಿರುವ ದೊಡ್ಡ ಪಾದ ಅಪ್ಪನದು, ಅದನ್ನೂ ನಾನೇ ಚುಚ್ಚಿದೆ. ಅವರು ಅಟ್ಟೆ ಸವೆದ ಚಪ್ಪಲಿಯಲ್ಲೇ ದಿನವಿಡೀ ನಿಲ್ಲುತ್ತಾರೆ. ಷೂ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು! ‘ನನಗ್ಯಾಕೆ, ಬೇಡ ಬೇಡ’ ಎಂದರು. ಹಾಳೆ ಮೇಲೆ ನಿಂತುಕೊಳ್ಳಿ ಎಂದು ನಾನೇ ನಿಲ್ಲಿಸಿದೆ. ನಿಂತರು.

ದೊಡ್ಡಮ್ಮ ಇದನ್ನು ಓದುವಾಗ ಜೋರಾಗಿ ಓದಲಿ.

ನಿಮ್ಮ ಗಡಿಯಾರ


ಅಕ್ಟೋಬರ್ 30

ಏನಪ್ಪಾ,

ಪಾರ್ಸೆಲ್ ಜೊತೆ ಈ ಕಾಗದ. ನಡುವೆ ಬಾಯಿ ಹಾಕಬಾರದು ಎಂದು ನನಗೆ ಅಪ್ಪಣೆಯಾಗಿದೆ. ಮುಂದಿನದೆಲ್ಲ ಅವರದೇ.

‘ಮಗುವಿನ ಷೂ ಕಳಿಸಿದೀನಿ. ಎರಡು ತಿಂಗಳಾಗುತ್ತೇನೋ ಅಂದ್ಕೊಂಡಿದ್ದೆ, ಒಂದೇ ತಿಂಗಳಲ್ಲಿ ಆಯ್ತು. ಅವಳು ಚುಚ್ಚಿದ್ದು ನಿನಗಿಂತ ಚೆನ್ನಾಗಿದೆ. ಒತ್ತಿ ಚುಚ್ಚಿದಾಳೆ, ಸಿಟ್ಟಿನಲ್ಲಿ ಚುಚ್ಚಿರಬೇಕು, ಬೆರಳಿಗೆ ಚೆನ್ನಾಗಿ ಸಿಗುತ್ತೆ.

ನಿನ್ನ ಪಾದಾನೂ ಬಂತು. ಅದನ್ನ ಓದೋಕೆ ಯಾರೂ ಬೇಕಾಗ್ಲಿಲ್ಲ. ಎಲ್ಲಾ ಭಾರ ಹಿಮ್ಮಡಿ ಮೇಲೆ. ಬೈಸಿಕೊಳ್ಳೋಕೆ ನಿಂತವನ ಹಾಗೆ ನಿಂತಿದೀಯ. ಮೊದಲು ನೀನು ಹಾಗೆ ನಿಲ್ತಿರಲಿಲ್ಲ.

ಹೇಳಿದ್ರೆ ನಾನು ಬಿಡ್ತಿರಲಿಲ್ಲ ಅಂತ ಬರೆದಿದೀಯ. ಹೌದು, ಬಿಡ್ತಿರಲಿಲ್ಲ. ಒಂದು ದಿನ ಜಗಳ ಆಡ್ತಿದ್ದೆ. ಇನ್ನೊಂದು ದಿನ ಮುಖ ತಿರುಗಿಸ್ಕೊಂಡು ಕೂರ್ತಿದ್ದೆ. ಮೂರನೇ ದಿನ ನಿನ್ನ ಪೆಟ್ಟಿಗೆ ಹೊತ್ಕೊಂಡು ಸ್ಟೇಷನ್‌ಗೆ ಬರ್ತಿದ್ದೆ. ಆ ಮೂರು ದಿನ ನನಗೆ ಸೇರಬೇಕಾಗಿತ್ತು ಕಣೋ. ಅದನ್ನ ನೀನು ತಗೊಂಡು ಹೋಗ್ಬಿಟ್ಟೆ.

ಈಗ ನನ್ನದು. ನಿನ್ನ ಮನೆ ಮಾಲೀಕ ಮಾರ್ಚ್‌ನಲ್ಲಿ ಅಂಗಡಿಗೇ ಬಂದಿದ್ದ, ನೀನು ಊಟಕ್ಕೆ ಹೋಗಿದ್ದೆ. ಬಾಡಿಗೆ ವಿಷಯ ಎಲ್ಲಾ ಹೇಳಿದ. ನಾನು ನಿನ್ನನ್ನ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ನೀನು ಊರು ಬಿಡೋ ಮಾತು ತೆಗೀತಿದ್ದೆ. ನಿನ್ನ ಕಣ್ಣು ನನಗೆ ಬೇಕಾಗಿತ್ತು, ಅದಕ್ಕೆ ಕಿವಿ ಕೇಳದವನ ಹಾಗಿದ್ದೆ. ಒಂದೇ ಕೋಣೆಯಲ್ಲಿ ನೀವು ಮೂವರು ಹೇಗಿದ್ರಿ ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಇದನ್ನ ನಿನ್ನ ಅತ್ತಿಗೆಗೂ ಹೇಳಿರಲಿಲ್ಲ. ಈಗ ಬರೀತಾ ಬರೀತಾ ನನ್ನ ಮುಖ ನೋಡ್ತಿದಾಳೆ ಅಂತ ಕಾಣುತ್ತೆ.

ಅಂಗಡಿ ಮುಂದಿನ ತಿಂಗಳು ಬಿಟ್ಟುಕೊಡ್ತಿದೀನಿ. ನೀನು ಹೋದೆ ಅಂತ ಅಲ್ಲ. ನೀನು ಹೋದೆ ಅಂತಾನೂ ಹೌದು. ಅಚ್ಚುಗಳನ್ನ ಮನೆಗೆ ತಂದಿದೀನಿ. ಮೇಷ್ಟರ ಬೂಟು ಮಾತ್ರ ಹಾಗೇ ಇದೆ. ಅವರು ಚಪ್ಪಲಿಯಲ್ಲೇ ಪಾಠ ಮಾಡ್ತಿದಾರೆ.

ಷೂ ಬಿಚ್ಚಿ ನೋಡಿದ್ರೆ ನಿನಗೇ ಗೊತ್ತಾಗುತ್ತೆ. ಕತ್ತರಿಸಿ, ಅಟ್ಟೆ ಕಟ್ಟಿ, ಸುತ್ತಲೂ ತೂತು ಚುಚ್ಚಿದೀನಿ. ಹೊಲಿದಿಲ್ಲ. ಹೊಲಿಗೆ ನನಗೆ ಯಾವತ್ತೂ ಬರ್ತಿರಲಿಲ್ಲ, ನಿನಗೆ ಗೊತ್ತು. ಇಷ್ಟು ವರ್ಷ ನೀನು ನನಗೆ ಚುಚ್ಚಿ ಕೊಟ್ಟೆ. ಈಗ ನಾನು ಚುಚ್ಚಿ ಕೊಟ್ಟಿದೀನಿ. ದಾರ ನೀನು ಹಾಕು.

ನಿನ್ನ ಜೋಡಿಗೆ ಇನ್ನೂ ಕೈ ಹಾಕಿಲ್ಲ. ಆ ಅಳತೆ ನಂಬೋ ಹಾಗಿಲ್ಲ.’

ಓದಿ ಹೇಳಿದ್ದೇನೆ, ಸರಿಯಾಗಿದೆ ಎಂದರು. ನನಗಾದ ಅಪ್ಪಣೆ ಮೀರಿ ಒಂದೇ ಸಾಲು ಸೇರಿಸುತ್ತಿದ್ದೇನೆ: ಹೌದು, ಮುಖ ನೋಡುತ್ತಿದ್ದೆ.

ಅತ್ತಿಗೆ


ನವೆಂಬರ್ 12

ಅಣ್ಣನಿಗೆ,

ಎರಡು ಸಂಜೆ ಹಿಡಿಯಿತು. ಅರ್ಧ ವರ್ಷ ಅಂಟು ಹಚ್ಚಿದ ಕೈಗೆ ದಬ್ಬಳ ಮೊದಮೊದಲು ಮಾತು ಕೇಳಲಿಲ್ಲ. ನಿಮ್ಮ ತೂತುಗಳು ಒಂದರಿಂದ ಒಂದಕ್ಕೆ ಅಳೆದಿಟ್ಟ ಹಾಗಿದ್ದವು. ಆಮೇಲೆ ದಾರ ತಾನಾಗಿ ಓಡಿತು. ಮಗಳು ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿ ಕೊಟ್ಟಳು. ನಡುವೆ ಒಮ್ಮೆ ‘ಅಪ್ಪ, ಅಲ್ಲೊಂದು ಬಿಟ್ರಿ’ ಎಂದಳು. ನಿಜವಾಗಿಯೂ ಬಿಟ್ಟಿದ್ದೆ. ಬಿಚ್ಚಿ ಹೊಲಿದೆ.

ಇವತ್ತು ಬೆಳಗ್ಗೆ ಹಾಕಿಕೊಂಡು ನಿಂತಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಟಿಕ್, ಟಕ್. ಒಲೆಯ ಮುಂದಿದ್ದ ಅವಳ ಅಮ್ಮ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದಳು. ಎಷ್ಟೋ ತಿಂಗಳ ಮೇಲೆ ಆ ಸದ್ದು ಈ ಮನೆಯಲ್ಲಿ ಕೇಳಿತು. ನಾನು ಅತ್ತುಬಿಟ್ಟೆ.

ಮಾರ್ಚ್‌ನ ವಿಷಯ ಓದಿದೆ. ಮೂರು ಸಲ ಓದಿದೆ. ಅದರಿಂದ ನನ್ನ ತಪ್ಪು ಸ್ವಲ್ಪವಾದರೂ ಹಗುರಾಗಬಹುದು ಎಂದುಕೊಂಡೆ. ಆಗಲಿಲ್ಲ. ಪಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಇಬ್ಬರೂ ಒಂದೇ ಮಾತನ್ನು ನುಂಗುತ್ತಿದ್ದೆವಲ್ಲ ಎಂದು ಸಂಕಟವಾಯಿತು.

ಅಣ್ಣ, ನಾನು ವಾಪಸು ಬಂದು ಅಲ್ಲೇ ಇರುತ್ತೇನೆ ಎಂದು ಹೇಳಲಾರೆ. ಆ ಊರಿನ ಬಾಡಿಗೆ ಇಳಿದಿಲ್ಲ, ಮಗಳು ಈಗಷ್ಟೇ ಇಲ್ಲಿನ ಭಾಷೆಯಲ್ಲಿ ಜಗಳವಾಡಲು ಕಲಿತಿದ್ದಾಳೆ. ಮತ್ತೊಂದು ಸುಳ್ಳು ಹೇಳಿ ನಿಮ್ಮನ್ನು ಸಂತೋಷಪಡಿಸುವುದು ಬೇಡ. ಆದರೆ ಇಪ್ಪತ್ತೊಂಬತ್ತರಿಂದ ಕಾರ್ಖಾನೆಗೆ ರಜೆ. ಆವತ್ತು ಬೆಳಗಿನ ರೈಲಿಗೆ ಬರುತ್ತೇನೆ, ಗಡಿಯಾರವೂ ಜೊತೆಗೆ. ಅಂಗಡಿಯ ಬೀಗದ ಕೈ ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ. ಮೇಷ್ಟರ ಎಡಗಾಲನ್ನು ನನ್ನ ಸ್ಟೂಲಿನಲ್ಲಿ ಕೂತೇ ಮುಗಿಸಬೇಕು.

ನನ್ನ ಪಾದದ ಅಳತೆಯನ್ನು ನೀವೇ ತೆಗೆದುಕೊಳ್ಳಿ. ನಿಲ್ಲುತ್ತೇನೆ.

ಮೂರು ದಿನ ಇರುತ್ತೇನೆ. ಮೊದಲನೇ ದಿನ ಜಗಳವಾಡಿ. ಎರಡನೇ ದಿನ ಮುಖ ತಿರುಗಿಸಿಕೊಂಡು ಕೂತುಕೊಳ್ಳಿ. ಮೂರನೇ ದಿನ ಸಂಜೆ ನಿಮ್ಮ ಬಾಗಿಲಲ್ಲಿ ನಿಂತು ‘ಅಣ್ಣ, ಹೋಗಿ ಬರ್ತೀನಿ’ ಎಂದು ಹೇಳುತ್ತೇನೆ. ನೀವು ಹೂಂ ಅನ್ನುವವರೆಗೆ ಹೊಸ್ತಿಲು ದಾಟುವುದಿಲ್ಲ.

ನಿಮ್ಮ ತಮ್ಮ